ಕುಯ್ದ ಹಣ್ಣು ನಾಳೆಗೆ ಕಾಯಲ್ಲ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಈ ಸಲದ ಕಾಫಿ ಕೊಯ್ಲು ನೀನೇ ನೋಡಿಕೊಳ್ಳುತ್ತೇನೆ ಅಂದಿದ್ದು ಕೇಳಿ ನಿರಾಳವಾಯಿತು. ನಾನು ಫೆಬ್ರವರಿವರೆಗೆ ಹಾಸನದಲ್ಲಿ ಅಜ್ಜಿ ಜೊತೆ ಇರಲೇಬೇಕು. ನಿನಗೋ ಹಗಲಿಡೀ ಲ್ಯಾಪ್‌ಟಾಪ್ ಕೆಲಸ. ‘ಎರಡಕ್ಕೂ ಟೈಮ್ ಸಾಲುತ್ತಾ ಅಮ್ಮಾ’ ಅಂತ ಕೇಳಿದೆ. ಸಾಲುತ್ತೆ. ಆದರೆ ನೀನು ಕಳಿಸಿದ ಆ ಟೈಮ್‌ಟೇಬಲ್, ಬೆಳಿಗ್ಗೆ 5ರಿಂದ ಅರ್ಧರ್ಧ ಗಂಟೆಗೆ ಒಂದೊಂದು ಬಣ್ಣ ಬಳಿದಿದ್ದೀಯಲ್ಲ, ಅದು ಮೂಡಿಗೆರೆಯಲ್ಲಿ ಮೂರು ದಿನ ನಡೆಯಲ್ಲ. ಯಾಕೆ ಅಂತ ಬರೆಯುತ್ತೇನೆ. ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ, ಕಾಗದವಾದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಗೋಡೆಗೆ ಅಂಟಿಸಿಕೊಳ್ಳಬಹುದು.

ನಿನ್ನ ಪಟ್ಟಿಯಲ್ಲಿ ಬ್ಯಾಂಕಿನ ಕೆವೈಸಿಗೂ ಅರ್ಧ ಗಂಟೆ, ಹಣ್ಣು ಪಲ್ಪಿಂಗ್‌ಗೂ ಅರ್ಧ ಗಂಟೆ ಇದೆ. ಅರ್ಧ ಗಂಟೆ ಸಾಲದು ಅನ್ನೋದು ಆಮೇಲಿನ ಮಾತು. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೇ ತಪ್ಪು. ಕೆವೈಸಿ ನಾಳೆಯೂ ಇರುತ್ತೆ, ಮುಂದಿನ ವಾರವೂ ಇರುತ್ತೆ. ಕುಯ್ದ ಹಣ್ಣು ಚೀಲದಲ್ಲೇ ರಾತ್ರಿ ಕಳೆದರೆ ಒಳಗೆ ಬಿಸಿಯೇರಿ ಹುಳಿಯುತ್ತೆ. ಆಮೇಲೆ ಎಷ್ಟು ತೊಳೆದರೂ ಆ ವಾಸನೆ ಬೀಜ ಬಿಡಲ್ಲ. ಮೊದಲು ಯಾವ ಕೆಲಸ ಕಾಯುತ್ತೆ, ಯಾವುದು ಕಾಯಲ್ಲ ಅಂತ ಬೇರೆ ಮಾಡು. ಕಾಯದ್ದನ್ನು ದಿನದಲ್ಲಿ ಅದರ ಜಾಗದಲ್ಲೇ ಗಟ್ಟಿಯಾಗಿ ನೆಡು. ಉಳಿದದ್ದು ಅದರ ಸುತ್ತ ಹೊಂದಿಕೊಳ್ಳುತ್ತೆ.

ಬೆಳಿಗ್ಗೆ 5ಕ್ಕೆ ಏಳೋದರ ಬಗ್ಗೆ. ಈಗೆಲ್ಲ ಅದೊಂದು ವ್ರತದ ಹಾಗೆ ಆಗಿದೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ 5 ಗಂಟೆಗೆ ಮಂಜು ಬಿಟ್ಟರೆ ಏನೂ ಕಾಣಲ್ಲ. ಕಣ ಒದ್ದೆಯಿರುತ್ತೆ, ಇಬ್ಬನಿ ಆರುವವರೆಗೆ, ಅಂದರೆ ಎಂಟೂವರೆ-ಒಂಬತ್ತರವರೆಗೆ, ಟಾರ್ಪಾಲು ತೆಗೆಯುವ ಹಾಗಿಲ್ಲ. ಕತ್ತಲಲ್ಲಿ ತೋಟಕ್ಕೆ ಇಳಿಯೋದಂತೂ ಆನೆ ಓಡಾಡುವ ಈ ಸೀಮೆಯಲ್ಲಿ ಬೇಡವೇ ಬೇಡ. ಪಲ್ಪಿಂಗ್ ದಿನ ನೀನು ಮಲಗೋದು ಹತ್ತು ದಾಟುತ್ತೆ. ಆರಕ್ಕೆ ಎದ್ದರೆ ಧಾರಾಳ. ನಿದ್ದೆಗೆಟ್ಟು ತಕ್ಕಡಿ ಮುಂದೆ ನಿಂತರೆ ತೂಕ ಬರೆಯೋದರಲ್ಲೇ ತಪ್ಪುತ್ತೆ, ಆಮೇಲೆ ಬಟವಾಡೆ ದಿನ ಜಗಳ.

ಈಗ ಪಲ್ಪಿಂಗ್ ಲೆಕ್ಕ. ಇದನ್ನು ಸಂಜೆಯಿಂದ ಹಿಂದಕ್ಕೆ ಮಾಡಬೇಕು. ನಮ್ಮ ಪಲ್ಪರ್ ಗಂಟೆಗೆ 250 ಕೆಜಿ ಹಣ್ಣು ತಿನ್ನುತ್ತೆ ಅಂತಿಟ್ಟುಕೋ. ಹತ್ತು ಜನ ತಲಾ 75 ಕೆಜಿ ಕುಯ್ದರೆ 750 ಕೆಜಿ, ಅಂದರೆ 3 ಗಂಟೆ. 4ಕ್ಕೆ ತೂಕ ಶುರು, 5ಕ್ಕೆ ಮುಗಿಯುತ್ತೆ. 5ರಿಂದ 8 ಪಲ್ಪಿಂಗ್, ಎಂಟೂವರೆವರೆಗೆ ಯಂತ್ರ ತೊಳೆಯೋದು. ನಿನ್ನ ವಿದೇಶದವರ ಮೀಟಿಂಗ್ ಐದೂವರೆಗೆ ಅಂದೆ. ಹಾಗಾದರೆ ಮೊದಲ ಅರ್ಧ ಗಂಟೆ ಪಲ್ಪರ್ ಹತ್ತಿರ ನೀನಿರಬೇಕು. ಹಣ್ಣನ್ನು ಮೊದಲು ನೀರಿಗೆ ಸುರಿಸಿ ತೇಲಿದ ಜೊಳ್ಳನ್ನು ಬೇರೆ ತೆಗೆಸು, ಅದು ಸಿಪ್ಪೆ ಸಮೇತ ಚೆರ್ರಿಯಾಗಿ ಒಣಗಲಿ. ಮೊದಲ ಬಕೆಟ್ ಬೀಜ ಹೊರಗೆ ಬಂದಾಗ ಒಂದು ಹಿಡಿ ಅಂಗೈಗೆ ಹಾಕಿಕೊಂಡು ನೋಡು. ಬೀಜ ಕತ್ತರಿಸಿಹೋಗಿದ್ದರೆ ಪಲ್ಪರ್‌ನ ಸಂದು ಕಿರಿದಾಗಿದೆ, ಇಡೀ ಹಣ್ಣೇ ಜಾರಿ ಬರುತ್ತಿದ್ದರೆ ಸಂದು ದೊಡ್ಡದಾಗಿದೆ. ಕೊಯ್ಲಿನ ಮೊದಲ ಸುತ್ತಿನ ಹಣ್ಣಿನ ಗಾತ್ರವೂ ಮೂರನೇ ಸುತ್ತಿನದೂ ಒಂದೇ ಇರಲ್ಲ, ಅದಕ್ಕೇ ದಿನಾ ನೋಡಬೇಕು. ಅದನ್ನು ಸರಿ ಮಾಡಿಟ್ಟು ನೀನು ಮೀಟಿಂಗ್‌ಗೆ ಹೋಗು, ಮಿಕ್ಕಿದ್ದನ್ನು ಯಂತ್ರ ನೋಡುವವರು ನೋಡುತ್ತಾರೆ.

ಮೀಟಿಂಗ್ ಎರಡು ಗಂಟೆ ಎಳೆಯುತ್ತೆ ಅಂತ ಮೊದಲೇ ಗೊತ್ತಿರುವ ದಿನ ಕೊಯ್ಲಿಗೆ ಆರೇ ಜನ ಹಾಕು, ನಾಲ್ವರನ್ನು ಬೇರೆ ಕೆಲಸಕ್ಕೆ ಕಳಿಸು. ಎಷ್ಟು ಕುಯ್ಯಬೇಕು ಅನ್ನೋದು ಪಲ್ಪರ್ ಮತ್ತು ಕಣ ನೋಡಿ ತೀರ್ಮಾನ ಆಗಬೇಕು. ಗಿಡದಲ್ಲಿ ಕೆಂಪಗೆ ಕಂಡಿತು ಅಂತ ಎಲ್ಲ ಒಂದೇ ದಿನ ಇಳಿಸೋದು ಬೇಡ. ಗಿಡದಲ್ಲಿರುವ ಹಣ್ಣು ಎರಡು ದಿನ ತಾಳುತ್ತೆ. ಹಾಗಂತ ಎರಡು ವಾರ ಬಿಟ್ಟರೆ ಮೆತ್ತಗಾಗಿ ಉದುರುತ್ತೆ, ಉದುರಿದ ಹಣ್ಣಲ್ಲಿ ಕಾಯಿಕೊರಕ ಹುಳ ಮನೆ ಮಾಡುತ್ತೆ, ಮುಂದಿನ ವರ್ಷದ ಫಸಲಿಗೆ ಅದೇ ಶನಿ. ಕರೆಂಟ್ ಕೈಕೊಟ್ಟರೆ ಜನರೇಟರ್‌ಗೆ 5 ಲೀಟರ್ ಡೀಸೆಲ್ ಯಾವಾಗಲೂ ಇರಲಿ. ಅದೂ ಕೈಕೊಟ್ಟರೆ ಹಣ್ಣನ್ನು ತಣ್ಣೀರಲ್ಲಿ ಮುಳುಗಿಸಿಡು, ಇಲ್ಲ ತೆಳ್ಳಗೆ ಹರಡು. ಚೀಲ ಕಟ್ಟಿ ಮಾತ್ರ ಬಿಡಬೇಡ. ಪಲ್ಪರ್ ತೊಳೆಯುವ ಆ ಅರ್ಧ ಗಂಟೆಯನ್ನು ಉಳಿಸೋಕೆ ಹೋಗಬೇಡ. ಒಳಗೆ ಉಳಿದ ಸಿಪ್ಪೆ ರಾತ್ರಿಯಿಡೀ ಹುಳಿತು ಮಾರನೇ ದಿನದ ಹಣ್ಣನ್ನೂ ಕೆಡಿಸುತ್ತೆ.

ರಾತ್ರಿ 8ಕ್ಕೆ ತೊಟ್ಟಿಗೆ ಬಿದ್ದ ಅರೇಬಿಕಾ ಬೀಜದ ಲೋಳೆ ಬಿಡೋಕೆ 24ರಿಂದ 36 ಗಂಟೆ ಬೇಕು. ಅಂದರೆ ಮಾರನೇ ರಾತ್ರಿ 8ರಿಂದ ಅದರ ಮರುದಿನ ಬೆಳಿಗ್ಗೆ 8ರೊಳಗೆ. ಚಳಿ ಜಾಸ್ತಿಯಿದ್ದರೆ ತಡ, ಬೆಚ್ಚಗಿದ್ದರೆ ಬೇಗ. ಹಾಗಾಗಿ ಇಲ್ಲಿ ಗಡಿಯಾರವನ್ನಷ್ಟೇ ನಂಬಿದರೆ ಆಗಲ್ಲ, ಕೈ ಹಾಕಿ ನೋಡಬೇಕು. ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜು. ಜಾರಿದರೆ ಇನ್ನೂ ಆಗಿಲ್ಲ. ಸಣ್ಣ ಕಲ್ಲು ಉಜ್ಜಿದ ಹಾಗೆ ಒರಟಾಗಿ ಸರಸರ ಅಂದರೆ ಆಯಿತು. ಇನ್ನೊಂದು ಗುರುತು: ರಾಶಿಯೊಳಗೆ ಕೋಲು ಚುಚ್ಚಿ ತೆಗೆದಾಗ ತೂತು ಹಾಗೇ ನಿಲ್ಲುತ್ತೆ. ಆದ ಮೇಲೆ ‘ಮೀಟಿಂಗ್ ಮುಗಿಸಿ ಬರ್ತೀನಿ’ ಅಂದರೆ ಕೆಟ್ಟಿತು, ಹೆಚ್ಚು ಹುಳಿತ ಒಂದೊಂದು ಬೀಜವೂ ಇಡೀ ಲಾಟಿನ ವಾಸನೆ ಕೆಡಿಸುತ್ತೆ. ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು ಮುಖ ತೊಳೆಯುವ ಮುಂಚೆ ತೊಟ್ಟಿ ನೋಡೋದು ಸರಿಹೋಗುತ್ತೆ. ಆಗಿದ್ದರೆ 8ಕ್ಕೆ ಬರುವ ಆಳುಗಳಿಗೆ ಮೊದಲ ಕೆಲಸ ಅದೇ, ನೀರು ಬದಲಿಸಿ ಮೂರು-ನಾಲ್ಕು ಸಲ ತೊಳೆಯೋದು. ಆರಕ್ಕೆ ಏಳು ಅಂದಿದ್ದು ಅದಕ್ಕೇ.

ನಮ್ಮ ಇನ್ನೊಂದು ಕಾಫಿ ರೋಬಸ್ಟಾ ಲೋಳೆ ಬಿಡೋಕೆ ಮೂರು ದಿನ ಹಿಡಿಯುತ್ತೆ. ಈ ವರ್ಷ ಅದನ್ನು ಪಲ್ಪ್ ಮಾಡೋದೇ ಬೇಡ, ಹಣ್ಣನ್ನೇ ಒಣಗಿಸಿ ಚೆರ್ರಿ ಮಾಡು. ಪಾರ್ಚ್‌ಮೆಂಟ್‌ಗಿಂತ, ಅಂದರೆ ಪಲ್ಪ್ ಮಾಡಿ ತೊಳೆದು ಒಣಗಿಸಿದ ಬೀಜಕ್ಕಿಂತ, ನಾಲ್ಕು ಕಾಸು ಕಮ್ಮಿ ಸಿಗಬಹುದು, ಇರಲಿ. ಎಲ್ಲದರಲ್ಲೂ ಹೆಚ್ಚೇ ಬರಬೇಕು ಅಂತ ಹೊರಟರೆ ಮೊದಲ ವರ್ಷ ಎರಡೂ ಕೆಡುತ್ತೆ.

ಕಣದ ಕೆಲಸ ನಿನಗೆ ಹೇಳಿ ಮಾಡಿಸಿದ್ದು. ಪಾರ್ಚ್‌ಮೆಂಟನ್ನು ನಾಲ್ಕೈದು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಗಂಟೆಗೊಮ್ಮೆ ಕೈಯಾಡಿಸಬೇಕು. ನಿನ್ನ ಕಂಪನಿಯವರು ಗಂಟೆಗೊಮ್ಮೆ ಎದ್ದು ಓಡಾಡಿ ಅಂತ ಮೆಸೇಜ್ ಕಳಿಸ್ತಾರಂತಲ್ಲ, ಎದ್ದು ಕಣಕ್ಕೆ ಬಾ. ಹತ್ತು ನಿಮಿಷ ಸಾಕು. ಮೊದಲ ಎರಡು ದಿನ ನಡುಮಧ್ಯಾಹ್ನದ ಸುಡುಬಿಸಿಲಿಗೆ ಮುಚ್ಚಿಡು, ಇಲ್ಲದಿದ್ದರೆ ಮೇಲಿನ ಸಿಪ್ಪೆ ಸೀಳುತ್ತೆ. ಸಂಜೆ ಬಿಸಿಲು ಇಳಿಯುವ ಮುಂಚೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಈ ಸಂಜೆಯ ಕೆಲಸ ನಿನ್ನ ಮೊಬೈಲಿನಲ್ಲಿ ಅಲಾರಂ ಇಡಬೇಕಾದದ್ದು, ಯಾಕೆಂದರೆ ಆಗಲೇ ತೂಕದ ಗಡಿಬಿಡಿಯೂ ಇರುತ್ತೆ. ಒಳ್ಳೇ ಬಿಸಿಲಿದ್ದರೆ ಪಾರ್ಚ್‌ಮೆಂಟ್ 7ರಿಂದ 10 ದಿನದಲ್ಲಿ ಒಣಗುತ್ತೆ, ಚೆರ್ರಿ 12ರಿಂದ 15 ದಿನ. ಪಾರ್ಚ್‌ಮೆಂಟಿನ ತೇವ ಶೇಕಡ 10ಕ್ಕೆ ಬಂದರೆ ನಿಲ್ಲಿಸು. ಮೀಟರ್ ಇಲ್ಲದಿದ್ದರೆ ಒಂದೇ ಅಳತೆ ಡಬ್ಬ ತುಂಬಿ ತೂಗು. ಎರಡು ದಿನ ಒಂದೇ ತೂಕ ಬಂದರೆ ಆಯಿತು. ಇನ್ನೂ ಎರಡು ದಿನ ಇರಲಿ ಅಂತ ಬಿಟ್ಟರೆ ತೂಕವೂ ಹೋಯಿತು, ಕಣದ ಜಾಗವೂ ಹೋಯಿತು. ಮುಂದಿನ ಸುತ್ತಿನ ಹಣ್ಣು ಎಲ್ಲಿ ಹಾಕುತ್ತೀ?

ನಿನ್ನ ಹೊತ್ತಿಗಿಂತ ದುಬಾರಿ ಹೊತ್ತು ಒಂದಿದೆ. ಬೆಳಿಗ್ಗೆ 8ಕ್ಕೆ ಹತ್ತು ಜನ ಬಂದು ‘ಇವತ್ತೆಲ್ಲಿ ಅಮ್ಮ?’ ಅಂತ ನಿಲ್ಲುತ್ತಾರೆ. ನೀನು ಯೋಚಿಸಿ, ಗೇಟಿನ ಬೀಗದ ಕೈ ಹುಡುಕಿ, ಚೀಲ ಎಣಿಸಿ ಕೊಡುವಷ್ಟರಲ್ಲಿ ಕಾಲು ಗಂಟೆ. ಹತ್ತು ಕಾಲು ಗಂಟೆ ಸೇರಿದರೆ ಎರಡೂವರೆ ಗಂಟೆ. ನೀನು ಇಡೀ ದಿನ ಓಡಾಡಿ ಉಳಿಸಿದ್ದು ಅಲ್ಲಿ ಹೋಗುತ್ತೆ. ಅದಕ್ಕಿಂತ ಮುಖ್ಯ, ಅದು ಅವರ ಹೊತ್ತು. ಕೆಜಿ ಲೆಕ್ಕದಲ್ಲಿ ಕುಯ್ಯುವವರಿಗೆ ಆ ಕಾಲು ಗಂಟೆ ಅಂದರೆ ಕೂಲಿಯೇ. ಸಂಜೆ ತೂಕಕ್ಕೂ ಅಷ್ಟೇ, 4 ಅಂದರೆ 4ಕ್ಕೆ ತಕ್ಕಡಿ ಮುಂದೆ ಇರು. ದೂರದ ಲೈನ್‌ಮನೆಗೆ ನಡೆದುಹೋಗಿ ಅಡುಗೆ ಮಾಡಬೇಕಾದವರು ಅವರು.

ಅದಕ್ಕೆ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ನೋಟ್‌ಬುಕ್ ಹಿಡಿದು ಕೂತುಕೋ. ತಾರೀಖು, ಮಳೆ, ಎಷ್ಟು ಆಳು, ತೋಟದ ಯಾವ ಪಟ್ಟೆ, ಎಷ್ಟು ಕೆಜಿ, ಏನು ಉಳಿಯಿತು. ಮಳೆಮಾಪಕವನ್ನು ದಿನಾ ಬೆಳಿಗ್ಗೆ ಎಂಟೂವರೆಗೇ ನೋಡಿ ಬರಿ. ಹೊತ್ತು ಬದಲಿಸಿದರೆ ಎರಡು ದಿನದ ಮಳೆ ಕಲಸಿಹೋಗುತ್ತೆ. ಕೆಳಗೆ ನಾಳೆಯ ಮೂರು ಕೆಲಸ ಬರಿ. ಮೂರೇ, ಹದಿಮೂರಲ್ಲ. ಪಕ್ಕದಲ್ಲಿ ‘ಆಗದಿದ್ದರೆ’ ಅಂತ ಒಂದು ಸಾಲು. ಮೋಡ ಬಂದರೆ ಏನು, ಕರೆಂಟ್ ಇಲ್ಲದಿದ್ದರೆ ಏನು, ಮೇಲಿನ ಪಟ್ಟೆಯಲ್ಲಿ ಆನೆ ಇದೆ ಅಂತ ಬೆಳಿಗ್ಗೆ ಅರಣ್ಯ ಇಲಾಖೆಯವರ ಮೆಸೇಜ್ ಬಂದರೆ ಏನು. ಚೀಲ ಹೊಲಿಯೋದು, ಕಣ ಸಾರಿಸೋದು, ಉಗ್ರಾಣ ಜೋಡಿಸೋದು, ಇವೆಲ್ಲ ಅಂಥ ದಿನಕ್ಕೆ ಮೀಸಲು. ಆಮೇಲೆ ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಇದೇ ವಾರದ ಪುಟ ತೆಗೆದು ನೋಡು, ಮುಂದಿನ ಹದಿನೈದು ದಿನ ಏನು ಬರುತ್ತೆ ಅನ್ನೋದು ಅಲ್ಲೇ ಸಿಗುತ್ತೆ.

ರಾತ್ರಿಯ ಐದು ನಿಮಿಷ ಹಗಲಿನ ಎಷ್ಟು ಹೊತ್ತು ಉಳಿಸುತ್ತೆ ಅಂತ ತಿಳಿಯೋಕೆ ಬೋರ್ಡೋ ದ್ರಾವಣ ಒಂದು ಸಾಕು. ಅಡಿಕೆಗೆ ಮುಂಗಾರಿನ ಮುಂಚೆ ಹೊಡೆಯುತ್ತೀವಲ್ಲ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದ ಹರಳನ್ನು ಬೆಳಿಗ್ಗೆ ಬಕೆಟ್ಟಿಗೆ ಸುರಿದರೆ ತಳದಲ್ಲಿ ಕೂತುಬಿಡುತ್ತೆ, ಕಲಕಿ ಕಲಕಿ ಕೈ ಸೋಲುತ್ತೆ, ಸ್ಪ್ರೇಯರ್ ಹೆಗಲಿಗೇರಿಸಿದವರು ಸುಮ್ಮನೆ ಕೂರುತ್ತಾರೆ. ಹಿಂದಿನ ರಾತ್ರಿಯೇ ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ ನೀರಲ್ಲಿ ಮೇಲ್ಮಟ್ಟಕ್ಕೆ ಮುಳುಗುವ ಹಾಗೆ ಕೋಲಿಗೆ ತೂಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ತಾನೇ ಕರಗಿರುತ್ತೆ. ಕಬ್ಬಿಣದ ಪಾತ್ರೆ ಬೇಡ, ಅದನ್ನೇ ತಿನ್ನುತ್ತೆ. ಆದರೆ ಸುಣ್ಣದ ಜೊತೆ ಬೆರೆಸೋದನ್ನು ರಾತ್ರಿ ಮಾಡಬಾರದು, ಬೆರೆಸಿದ್ದು ಅವತ್ತೇ ಮುಗಿಯಬೇಕು. ಯಾವುದನ್ನು ಮುಂಚೆ ಮಾಡಿಡಬಹುದು, ಯಾವುದನ್ನು ಹೊತ್ತಿಗೇ ಮಾಡಬೇಕು ಅನ್ನೋದು ಒಂದೇ ಡ್ರಮ್ಮಿನೊಳಗೆ ಇದೆ ನೋಡು.

ಪೇಟೆ ಕೆಲಸಕ್ಕೆ ವಾರದಲ್ಲಿ ಒಂದು ದಿನ. ಬ್ಯಾಂಕು, ಗೊಬ್ಬರದಂಗಡಿ, ವೆಲ್ಡಿಂಗು ಎಲ್ಲ ಒಟ್ಟಿಗೆ. ಪಹಣಿಗೆ ತಾಲ್ಲೂಕು ಕಚೇರಿಗೆ ಅಲೆಯಬೇಡ, ಭೂಮಿ ವೆಬ್‌ಸೈಟಿನಲ್ಲೇ ಸಿಗುತ್ತೆ. ಸಂತೆ ದಿನ ಆಳು ಬರಲ್ಲ, ಅದೇ ದಿನ ನೀನೂ ಹೋಗು.

ರೋಗ-ಹುಳದ ವಿಷಯ ಸಂಶಯ ಬಂದರೆ ಯೂಟ್ಯೂಬ್ ಮುಂದೆ ಅರ್ಧ ದಿನ ಕಳೆಯಬೇಡ. ಗಿಡದ ಫೋಟೋ ತೆಗೆದುಕೊಂಡು ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳು. 1925ರಿಂದ ಅವರಿಗೆ ಇದೇ ಕೆಲಸ.

ಯಾರಾದರೂ ಮನೆಗೆ ಬಂದರೆ ಕಾಫಿ ಕೊಟ್ಟು ಕೂತು ಮಾತಾಡು. ಅದನ್ನು ಹಾಳಾದ ಹೊತ್ತು ಅಂತ ಲೆಕ್ಕ ಹಾಕಬೇಡ, ರಾತ್ರಿ ಮೋಟರ್ ಸುಟ್ಟರೆ ಬರುವವರು ಅವರೇ. ಮೊಬೈಲ್ ಹಿಡಿದು ಸುಮ್ಮನೆ ಬೆರಳಾಡಿಸುವ ಅರ್ಧ ಗಂಟೆಯ ಬಗ್ಗೆ ನಾನೇನೂ ಹೇಳಲ್ಲ, ನಿನಗೇ ಗೊತ್ತು.

ಜನವರಿಯಲ್ಲಿ ಕೊಯ್ಲಿನ ಗದ್ದಲದ ನಡುವೆಯೂ ಒಂದು ಕೆಲಸ ಬಿಡಬೇಡ: ಸ್ಪ್ರಿಂಕ್ಲರ್ ಪಂಪ್ ರಿಪೇರಿ. ರೋಬಸ್ಟಾ ಹೂವಿಗೆ ಫೆಬ್ರವರಿ-ಮಾರ್ಚ್‌ನಲ್ಲಿ ಒಂದರಿಂದ ಒಂದೂವರೆ ಇಂಚು ನೀರು ಬೇಕು. ಮೂವತ್ತು ಸೆಂಟ್ ಮಳೆ (ನೂರು ಸೆಂಟ್ ಅಂದರೆ ಒಂದು ಇಂಚು) ಬಿದ್ದು ನಿಂತರೆ ಉಳಿದದ್ದನ್ನು ತಕ್ಷಣ ಪಂಪಿನಲ್ಲೇ ತುಂಬಬೇಕು. ಆಗ ವಾಷರ್ ಹುಡುಕಿಕೊಂಡು ಚಿಕ್ಕಮಗಳೂರಿಗೆ ಹೋದರೆ ವರ್ಷದ ಫಸಲು ಆ ಎರಡು ದಿನದಲ್ಲಿ ಹೋಗುತ್ತೆ.

ಸದ್ಯಕ್ಕೆ ಈ ವಾರದ್ದು. ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್. ಅರೇಬಿಕಾ ಕಾಂಡದ ಮೇಲೆ ಉಬ್ಬಿದ ಗೆರೆ ಕಂಡ ಗಿಡಗಳನ್ನು ಗುರುತು ಹಾಕಿಸಿ, ಕಿತ್ತು ಸುಡಿಸು. ತೋಟದ ಮೂಲೆಯಲ್ಲಿ ಪೇರಿಸಿಟ್ಟರೆ ಅಲ್ಲಿಂದಲೇ ದುಂಬಿ ಹೊರಡುತ್ತೆ. ಬಿಸಿಲು ಬೀಳುವ ಕಡೆಯ ಗಿಡಗಳನ್ನು ಮೊದಲು ನೋಡು, ಅದಕ್ಕೆ ಬಿಸಿಲೇ ಇಷ್ಟ. ಪಲ್ಪರ್ ಬೆಲ್ಟ್ ಬಿರುಕು ಬಿಟ್ಟಿದೆಯಾ ನೋಡಿ, ಬಿಟ್ಟಿದ್ದರೆ ಹಳೇ ಬೆಲ್ಟನ್ನೇ ತೆಗೆದುಕೊಂಡು ಅಂಗಡಿಗೆ ಹೋಗು, ನಂಬರ್ ಅದರ ಮೇಲೇ ಇದೆ. ಹಳೇ ನೋಟ್‌ಬುಕ್ಕುಗಳು ದೇವರ ಕೋಣೆಯ ಮೇಲಿನ ಶೆಲ್ಫಿನಲ್ಲಿವೆ. ಉಗ್ರಾಣದ ಬೀಗದ ಕೈ ಕ್ಯಾಲೆಂಡರ್ ಹಿಂದಿನ ಮೊಳೆಯಲ್ಲಿ.

ನಿನ್ನ
ಅಮ್ಮ