ಮೇಡಂ ಕೊಟ್ಟ ಶಹಬ್ಬಾಸ್‌ಗಿರಿ

ಮೂಡಿಗೆರೆ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿದ್ದ ಹ್ಯಾರಿ ಪಾಟರ್‌ನ ಏಳೂ ಸಂಪುಟಗಳನ್ನು ಒಲೆಯ ಪಕ್ಕ ಒಣಗಿಸಿ, ಆರಿದ್ರಾ ಮಳೆಯಲ್ಲಿ ಓದಲು ಹಿಡಿದವನು ಪುಷ್ಯ ಮಳೆಯ ಹೊತ್ತಿಗೆ ಮುಗಿಸಿದೆ. ಮಂತ್ರವಿದ್ಯೆ ಕಲಿಸುವ ಹಾಗ್ವಾರ್ಟ್ಸ್ ಶಾಲೆ ಆ ಹುಡುಗನನ್ನು ಕೊನೆಯವರೆಗೂ ಒಳ್ಳೆಯವನಾಗಿಯೇ ಉಳಿಸಿತು ಎಂದು ನೀನು ಫೋನಿನಲ್ಲಿ ವಾದಿಸಿದ್ದೆಯಲ್ಲ, ಅದಕ್ಕೆ ಉತ್ತರವಾಗಿ ಈ ಪತ್ರ. ಬಿ.ಎಡ್. ಮುಗಿಸಿ ಮುಂದಿನ ವರ್ಷ ನೀನೇ ತರಗತಿಯಲ್ಲಿ ನಿಲ್ಲುವವಳಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ನಾಲ್ಕನೆಯ ಸಂಪುಟದಲ್ಲಿ ಹದಿನಾಲ್ಕು ವರ್ಷದ ಮಕ್ಕಳ ಮುಂದೆ ಮೇಷ್ಟ್ರು ಗಾಜಿನ ಭರಣಿಯಿಂದ ಜೇಡಗಳನ್ನು ತೆಗೆದು, ಕಾನೂನು ನಿಷೇಧಿಸಿದ ಮೂರು ಶಾಪಗಳನ್ನು ಒಂದೊಂದಾಗಿ ಪ್ರಯೋಗಿಸಿ ತೋರಿಸುತ್ತಾನೆ. ಚಿತ್ರಹಿಂಸೆಯ ಶಾಪಕ್ಕೆ ಸಿಕ್ಕ ಜೇಡ ಒದ್ದಾಡುವಾಗ ಹ್ಯಾರಿಯ ಗೆಳತಿ ಹರ್ಮಯನಿ ನಿಲ್ಲಿಸಿ ಎಂದು ಕೂಗುತ್ತಾಳೆ, ಏಕೆಂದರೆ ಅದೇ ಶಾಪದಿಂದ ತಂದೆತಾಯಿ ಇಬ್ಬರೂ ಬುದ್ಧಿ ಕಳೆದುಕೊಂಡ ನೆವಿಲ್ ಎಂಬ ಹುಡುಗ ಅಲ್ಲೇ ಬೆಂಚು ಹಿಡಿದುಕೊಂಡು ಕುಳಿತಿರುತ್ತಾನೆ. ಉಳಿದ ಮಕ್ಕಳು ಮಾತ್ರ ಒಳ್ಳೆಯ ಆಟ ನೋಡಿ ಬಂದವರಂತೆ ಮಾತಾಡುತ್ತಾ ಹೊರಗೆ ನಡೆಯುತ್ತಾರೆ. ಆ ಮೇಷ್ಟ್ರು ವೇಷ ಮರೆಸಿಕೊಂಡ ಅಪರಾಧಿಯೆಂದು, ನೆವಿಲ್‌ನ ತಂದೆತಾಯಿಗೆ ಆ ಗತಿ ತಂದವರಲ್ಲಿ ಅವನೂ ಒಬ್ಬನೆಂದು ಆಮೇಲೆ ತಿಳಿಯುತ್ತದೆ. ಆದ್ದರಿಂದ ಆ ಪಾಠದ ಹೊಣೆಯನ್ನು ಶಾಲೆಯ ತಲೆಗೆ ಕಟ್ಟುವುದು ಸರಿಯಲ್ಲ ಎಂದು ನೀನು ಹೇಳಬಹುದು, ನಾನೂ ಕಟ್ಟುವುದಿಲ್ಲ. ನನ್ನ ತಕರಾರಿರುವುದು ಒಳ್ಳೆಯ ಮೇಷ್ಟ್ರುಗಳ ಮೇಲೆ.

ಐದನೆಯದರಲ್ಲಿ, ತನಗೆ ತಂದೆಯ ಸ್ಥಾನದಲ್ಲಿದ್ದ ಗಾಡ್‌ಫಾದರ್ ಸಿರಿಯಸ್‌ನನ್ನು ಕೊಂದವಳ ಮೇಲೆ ಹ್ಯಾರಿ ಅದೇ ಶಾಪವನ್ನು ಎಸೆಯುತ್ತಾನೆ, ಆದರೆ ಅದು ಸರಿಯಾಗಿ ನಾಟುವುದಿಲ್ಲ. ನ್ಯಾಯವಾದ ಸಿಟ್ಟು ಸಾಲದು, ನೋಯಿಸಬೇಕೆಂಬ ಆಸೆ ಮನಸ್ಸಿನೊಳಗಿಂದ ಬರಬೇಕು ಎಂದು ಆ ಹೆಂಗಸೇ ಅವನಿಗೆ ಹೇಳಿಕೊಡುತ್ತಾಳೆ. ಆರನೆಯದರಲ್ಲಿ, ಹಳೆಯ ಪಠ್ಯಪುಸ್ತಕದ ಅಂಚಿನಲ್ಲಿ ಯಾರೋ ಶತ್ರುಗಳಿಗೆಂದು ಬರೆದಿಟ್ಟಿದ್ದ ಮಂತ್ರವನ್ನು, ಅದರಿಂದ ಏನಾಗುತ್ತದೆ ಎಂಬುದೇ ತಿಳಿಯದೆ ಸಹಪಾಠಿಯ ಮೇಲೆ ಪ್ರಯೋಗಿಸಿ, ಅವನ ಮುಖ ಮತ್ತು ಎದೆಯನ್ನು ಸೀಳಿಬಿಡುತ್ತಾನೆ. ಆ ಸಹಪಾಠಿಯೂ ಚಿತ್ರಹಿಂಸೆಯ ಶಾಪವನ್ನೇ ಉಚ್ಚರಿಸಲು ಹೊರಟಿದ್ದನೆಂಬುದು ನಿಜ. ಸಾವಿನ ಅಂಚಿಗೆ ಹೋದ ಆ ಪ್ರಕರಣಕ್ಕೆ ಸಿಕ್ಕ ಶಿಕ್ಷೆಯೆಂದರೆ ಶನಿವಾರಗಳಂದು ಮೇಷ್ಟ್ರ ಕೋಣೆಯಲ್ಲಿ ಕುಳಿತು ಬರೆಯುವ ಕೆಲಸ. ಹುಡುಗ ನಡುಗಿದ್ದೇನೋ ಹೌದು, ಆದರೆ ಆ ಪುಸ್ತಕವನ್ನು ಬಚ್ಚಿಡುವುದು, ಪಂದ್ಯ ತಪ್ಪಿಹೋಗುವುದು, ಈ ಎರಡು ಚಿಂತೆಗಳು ಆ ನಡುಕಕ್ಕೆ ಹೆಚ್ಚು ಹೊತ್ತು ಜಾಗ ಬಿಡಲಿಲ್ಲ.

ಏಳನೆಯ ಸಂಪುಟವನ್ನು ನಾನು ಎರಡು ಸಲ ಓದಿದೆ. ಅದರ ಆರಂಭದಲ್ಲಿ, ಬೆನ್ನಟ್ಟಿ ಬಂದವನ ಕೈಯಿಂದ ಮಂತ್ರದಂಡವನ್ನಷ್ಟೇ ಹಾರಿಸಿದ ಹ್ಯಾರಿಗೆ, ಅವನ ನೆಚ್ಚಿನ ಹಳೆಯ ಮೇಷ್ಟ್ರು ಲೂಪಿನ್, ಕೊಲ್ಲಲು ಮನಸ್ಸಿಲ್ಲದಿದ್ದರೆ ಪ್ರಜ್ಞೆಯನ್ನಾದರೂ ತಪ್ಪಿಸಬೇಕಿತ್ತು ಎಂದು ಗದರುತ್ತಾನೆ. ಅಡ್ಡ ಬಂದವರನ್ನೆಲ್ಲ ಉರುಳಿಸುವುದು ಕಥೆಯ ಖಳನಾಯಕ ವೋಲ್ಡೆಮಾರ್ಟ್‌ನ ಕೆಲಸ, ತನ್ನದಲ್ಲ ಎಂದು ಹುಡುಗ ಎದುರುತ್ತರ ಕೊಟ್ಟಾಗ ನನಗೆ ಎದ್ದು ನಿಂತು ಚಪ್ಪಾಳೆ ತಟ್ಟಬೇಕೆನಿಸಿತು. ಅದೇ ಹುಡುಗ ಅದೇ ಸಂಪುಟದ ಕೊನೆಯ ಭಾಗದಲ್ಲಿ ಶಾಲೆಗೆ ಮರಳಿದಾಗ, ಮೆಕ್‌ಗೊನಗಲ್ ಮೇಡಂ ಮುಖಕ್ಕೆ ಒಬ್ಬ ಉಗುಳಿದನೆಂಬ ಕಾರಣಕ್ಕೆ ಅವನ ಮೇಲೆ ಚಿತ್ರಹಿಂಸೆಯ ಶಾಪ ಹಾಕುತ್ತಾನೆ, ಮತ್ತು ಈ ಸಲ ಅದು ಚೆನ್ನಾಗಿ ನಾಟುತ್ತದೆ. ಕೊಲೆಗಾತಿ ಅಂದು ಹೇಳಿಕೊಟ್ಟದ್ದು ಈಗ ಅರ್ಥವಾಯಿತು ಎಂದು ತಾನೇ ಹೇಳುತ್ತಾನೆ. ಮನುಷ್ಯರ ಮೇಲೆ ಪ್ರಯೋಗಿಸಿದರೆ ಜೀವಾವಧಿ ಸೆರೆವಾಸ ತರುವ ಆ ಶಾಪಕ್ಕೆ ಮೇಡಂ ಕೊಡುವ ಪ್ರತಿಕ್ರಿಯೆ, ಅದು ಧೀರೋದಾತ್ತವಾದ ಕೆಲಸವೆಂಬ ಮೆಚ್ಚುಗೆ.

ಶಾಲೆಯಲ್ಲಿ ಯಾರಾದರೂ ಅವನ ತಪ್ಪನ್ನು ತಪ್ಪೆಂದು ಹೇಳಬಹುದಾಗಿದ್ದರೆ ಅದು ಆ ಮೇಡಂ. ಗೌರವ ಕೊಡಬೇಕಾದವರ ಪರವಾಗಿ ಮಾಡಿದ ಹಿಂಸೆ ಹಿಂಸೆಯಲ್ಲ ಎಂಬುದನ್ನು ಹುಡುಗ ಕಲಿತದ್ದು ಆ ಕ್ಷಣದಲ್ಲಿ. ಕೊನೆಯ ಕಾಳಗದಲ್ಲಿ ಅವನು ಬಳಸುವುದು ಅದೇ ದಂಡ ಹಾರಿಸುವ ಮಂತ್ರ ಎಂಬ ನಿನ್ನ ಮಾತನ್ನು ಒಪ್ಪುತ್ತೇನೆ, ಆದರೆ ಅದನ್ನು ಅವನು ಉಳಿಸಿಕೊಂಡದ್ದು ತನ್ನ ಮೇಷ್ಟ್ರುಗಳ ಮಾತು ಮೀರಿ.

ಇದು ಇಂಗ್ಲೆಂಡಿನ ಕಥೆ ಮಾತ್ರವೆಂದು ತಿಳಿಯಬೇಡ. ದ್ರೋಣರು ಹಕ್ಕಿಯ ಕಣ್ಣೊಂದನ್ನೇ ಕಂಡ ಶಿಷ್ಯನನ್ನು ಮೆಚ್ಚಿಕೊಂಡರು, ವಿದ್ಯೆ ಮುಗಿದ ಮೇಲೆ ತಮ್ಮ ಹಳೆಯ ಹಗೆ ದ್ರುಪದನನ್ನು ಕಟ್ಟಿ ತರುವುದನ್ನೇ ಗುರುದಕ್ಷಿಣೆಯಾಗಿ ಕೇಳಿದರು. ನಮ್ಮ ಕೊಪ್ಪದ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಏಕಲವ್ಯನ ನಾಟಕಕ್ಕೆ 'ಬೆರಳ್‌ಗೆ ಕೊರಳ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ನಿನಗೆ ಹೇಳದೇ ಇದ್ದ ಒಂದು ಸಂಗತಿಯಿದೆ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಬಾಳೆಗೊನೆ ಹಾಳು ಮಾಡುತ್ತಿದ್ದ ಮಂಗಗಳನ್ನು ಬೆದರಿಸಲೆಂದು ಅಜ್ಜ ಕೋವಿಯನ್ನು ನನ್ನ ಕೈಗಿತ್ತರು. ನಾನು ಗುರಿಯಿಟ್ಟೇ ಹೊಡೆದೆ. ಕಾಫಿ ಕಣದ ಅಂಚಿಗೆ ಬಿದ್ದ ಮಂಗ ಹೊಟ್ಟೆಯ ಗಾಯವನ್ನು ಅಂಗೈಯಿಂದ ಮುಚ್ಚಿಕೊಂಡು, ಆಮೇಲೆ ಆ ಅಂಗೈಯನ್ನು ತಿರುಗಿಸಿ ನೋಡಿಕೊಂಡಿತು. ನನಗೆ ವಾಂತಿ ಬಂದಿತ್ತು. ಆದರೆ ಅಜ್ಜ ಬೆನ್ನು ತಟ್ಟಿದರು, ಆಳುಗಳು ಗುರಿಯನ್ನು ಹೊಗಳಿದರು, ಆ ರಾತ್ರಿ ಮೊದಲ ಬಾರಿಗೆ ದೊಡ್ಡವರ ಪಂಕ್ತಿಯಲ್ಲಿ ನನಗೂ ಎಲೆ ಹಾಕಿದರು. ಅಜ್ಜಿ ಮಾತ್ರ ಆಂಜನೇಯನ ಪಟದ ಮುಂದೆ ದೀಪ ಹಚ್ಚಿ ಊಟಕ್ಕೆ ಏಳದೆ ಕುಳಿತಿದ್ದರು. ವಾರ ಕಳೆಯುವುದರೊಳಗೆ ನಾನೇ ಕೋವಿ ಕೇಳಿಕೊಂಡು ಹೋದೆ.

ಮೇಡಂ ಮೆಚ್ಚುವ ಆ ಪುಟದ ಅಂಚಿನಲ್ಲಿ, ಎಂಟನೆಯ ತರಗತಿಯ ನಿನ್ನ ದುಂಡು ಅಕ್ಷರದಲ್ಲಿ, ಪೆನ್ಸಿಲಿನಿಂದ 'ಸೂಪರ್ ಮೇಡಂ' ಎಂದು ಬರೆದಿರುವುದನ್ನು ನೋಡಿದೆ. ಅಳಿಸಿಲ್ಲ. ಗೌರಿಹಬ್ಬಕ್ಕೆ ಬಂದಾಗ ಪುಸ್ತಕ ಒಲೆಯ ಪಕ್ಕದ ಗೂಡಿನಲ್ಲೇ ಇರುತ್ತದೆ.

ಇಂತಿ ನಿನ್ನ ಪ್ರೀತಿಯ,
ಅಪ್ಪ