ಕಬೋಸು ಮಾರಿದ ಗವರ್ನರ್

ಬೆಪ್ಪು, ಜಪಾನ್

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗನ ನಮಸ್ಕಾರಗಳು.

ನಾನು ಕ್ಷೇಮ. ಮೊನ್ನೆ ಫೋನಿನಲ್ಲಿ ನಿಂಬೆ ರೇಟು ಮತ್ತೆ ಬಿದ್ದಿದೆ ಅಂದಿರಲ್ಲ, ಆಗಲೇ ಇದನ್ನು ಬರೆಯಬೇಕು ಅನ್ನಿಸಿತು. ಫೋನಿನಲ್ಲಿ ಹೇಳಲು ಹೋದರೆ ನೀವು ಅರ್ಧಕ್ಕೇ ‘ಸಾಕು, ಇಡು’ ಅಂತೀರಿ.

ಇಲ್ಲಿ ಕಬೋಸು ಅಂತ ಒಂದು ಹಣ್ಣಿದೆ. ನಮ್ಮ ಇಂಡಿ ನಿಂಬೆಗಿಂತ ದಪ್ಪ, ಹಸಿರಿರುವಾಗಲೇ ಕೀಳುತ್ತಾರೆ. ಮೀನಿಗೂ ಸಾರಿಗೂ ಅದನ್ನೇ ಹಿಂಡುತ್ತಾರೆ. ಜಪಾನಿನ ಕಬೋಸು ಬಹುಪಾಲು ಈ ಓಯಿತಾ ಪ್ರಾಂತ್ಯದ್ದೇ. ಅದನ್ನು ಟೋಕಿಯೊದಲ್ಲಿ ಹೊಗಳಿ ಹೊಗಳಿ ಮಾರಿದವರು ಇಲ್ಲಿ ಹಿಂದೆ ಗವರ್ನರ್ ಆಗಿದ್ದ ಮೊರಿಹಿಕೊ ಹಿರಾಮಾತ್ಸು. ನಮ್ಮ ರಾಜ್ಯಪಾಲರ ಹಾಗಲ್ಲ, ಇಲ್ಲಿ ಗವರ್ನರನ್ನು ಜನರೇ ಓಟು ಹಾಕಿ ಆರಿಸುತ್ತಾರೆ.

ಅವರು 1924ರಲ್ಲಿ ಓಯಿತಾದಲ್ಲೇ ಹುಟ್ಟಿದವರು. ಟೋಕಿಯೊದಲ್ಲಿ ವ್ಯಾಪಾರ-ಕೈಗಾರಿಕೆ ಇಲಾಖೆಯ ಅಧಿಕಾರಿಯಾಗಿದ್ದರು. 1975ರಲ್ಲಿ ಉಪಗವರ್ನರ್ ಆಗಿ ಊರಿಗೆ ಮರಳಿದರು, 1979ರಲ್ಲಿ ಗವರ್ನರ್ ಆದರು. ಆಮೇಲೆ 2003ರವರೆಗೆ, ಸಾಲಾಗಿ ಆರು ಅವಧಿ!

ಗೆದ್ದ ವರ್ಷವೇ ‘ಒಂದು ಊರು, ಒಂದು ಉತ್ಪನ್ನ’ ಅನ್ನುವ ಯೋಜನೆ ಶುರು ಮಾಡಿದರು, ಅಂದರೆ ಪ್ರತಿ ಊರೂ ತನ್ನದೇ ಒಂದು ಉತ್ಪನ್ನಕ್ಕೆ ಹೆಸರು ಮಾಡಬೇಕು. ಆದರೆ ಮೊದಲು ದಾರಿ ತೋರಿಸಿದ್ದು ಓಯಾಮಾ ಅನ್ನುವ ಗುಡ್ಡದ ಊರು. ಸರ್ಕಾರ ಭತ್ತ ಬೆಳೆಯಿರಿ ಅನ್ನುತ್ತಿದ್ದಾಗ, 1961ರಲ್ಲೇ, ಇವರು ಪ್ಲಮ್, ಚೆಸ್ಟ್‌ನಟ್ ಗಿಡ ಹಚ್ಚಿದರು. ‘ಗಿಡ ಹಚ್ಚೋಣ, ಹವಾಯಿಗೆ ಹೋಗೋಣ’ ಅನ್ನುವುದು ಅವರ ಘೋಷಣೆ. ನಮ್ಮೂರಲ್ಲಿ ಹೀಗಂದರೆ ಕಟ್ಟೆ ಮೇಲೆ ಕೂತವರು ವರ್ಷಗಟ್ಟಲೆ ನಗುತ್ತಿದ್ದರು, ಅಲ್ವಾ?

ನಿಮಗೆ ಹಿಡಿಸದ ಮಾತು ಈಗ ಬರುತ್ತದೆ. ಈ ಯೋಜನೆಗೆ ಅಂತ ಹಿರಾಮಾತ್ಸು ಸಬ್ಸಿಡಿ ಹಂಚಲಿಲ್ಲ. ಏನು ಬೆಳೆಯಬೇಕು ಅನ್ನುವುದನ್ನು ಊರಿನವರೇ ಆರಿಸಬೇಕಿತ್ತು. ಸರ್ಕಾರ ತರಬೇತಿ ಕೊಟ್ಟಿತು, ಸಂಶೋಧನೆಯ ನೆರವು ಕೊಟ್ಟಿತು, ಮಾರಲು ಜೊತೆಗೆ ನಿಂತಿತು. ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಅನ್ನುವ ಸರ್ಕಾರಿ ಯೋಜನೆಯಲ್ಲಿ ನಮ್ಮ ವಿಜಯಪುರಕ್ಕೆ ನಿಂಬೆ ಬಂತಲ್ಲ, ಅದರ ಬೇರು ಇಲ್ಲಿದೆ. ಆದರೆ ನಮ್ಮಲ್ಲಿ ಪಟ್ಟಿ ಮೇಲಿನಿಂದ ಬಂತು. ನಿಮ್ಮನ್ನು ಯಾರಾದರೂ ಕೇಳಿದ್ದರಾ?

1995ರಲ್ಲಿ ಹಿರಾಮಾತ್ಸು ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಹಾಗಂತ ಇಲ್ಲಿ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹಳ್ಳಿಗಳ ಹುಡುಗರು ಈಗಲೂ ಊರು ಬಿಡುತ್ತಾರೆ. ತೋಟಗಳಲ್ಲಿ ನಾನು ಕಂಡವರೆಲ್ಲ ನಿಮಗಿಂತ ವಯಸ್ಸಾದವರು. ನಾನು ಓದುವ ಗುಡ್ಡದ ಮೇಲಿನ ಯೂನಿವರ್ಸಿಟಿ 2000ದಲ್ಲಿ ಶುರುವಾಗಿದ್ದು ಹಿರಾಮಾತ್ಸು ಅವರ ಕಾಲದಲ್ಲೇ, ಪ್ರಾಂತ್ಯ ಸರ್ಕಾರದ ನೆರವಿನಿಂದ. ಊರಿನ ಹುಡುಗರು ಹೊರಟುಹೋದ ಕಡೆಗೆ ನಮ್ಮಂಥ ಹೊರಗಿನವರು ಬಂದೆವು. ಹಿರಾಮಾತ್ಸು 2016ರಲ್ಲಿ ತೀರಿಕೊಂಡರು.

ಕಬೋಸು ಸಸಿ ತಾ ಅಂತ ಮಾತ್ರ ಕೇಳಬೇಡಿ, ಹಾಗೆ ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಬರಲು ಬಿಡುವುದಿಲ್ಲ. ಅವ್ವನಿಗೆ ಹೇಳಿ, ನಿಂಬೆ ಉಪ್ಪಿನಕಾಯಿ ಇನ್ನೂ ಅರ್ಧ ಡಬ್ಬಿ ಇದೆ. ಇಲ್ಲಿನವರು ಒಂದು ಹೋಳಿಗೇ ಕಣ್ಣೀರು ಹಾಕಿದರು.

ನಿಮ್ಮ ಮಗ