ನಮ್ಮ ಪರ್ಸಿ, ಅವರ ಪರಸ್

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲಿ ಬಾಲಿ ದ್ವೀಪದ ಬಗ್ಗೆ ಓದಿದೆ. ಸಮುದ್ರ ಇತ್ತು, ಮಂಗಗಳ ಕಾಡು ಇತ್ತು, ಎಲ್ಲಿ ಊಟ ಚೆನ್ನಾಗಿದೆ ಅಂತಲೂ ಇತ್ತು. ಕಲ್ಲಿನ ಬಗ್ಗೆ ಮಾತ್ರ ಒಂದೇ ಸಾಲು, ಅಲ್ಲಿ ಸುಂದರ ಕೆತ್ತನೆಯ ದೇವಸ್ಥಾನಗಳಿವೆ ಅಂತ. ಶಹಾಬಾದ್ ಕಡೆಯ ಓದುಗರಿಗೆ ಅಷ್ಟು ಸಾಕಾಗುವುದಿಲ್ಲ ನೋಡ್ರಿ. ನಾನು ಮೂವತ್ತು ವರ್ಷದಿಂದ ಪರ್ಸಿ ಕಲ್ಲು, ಅಂದರೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು, ಮಾರಿಕೊಂಡು ಬಂದವನು. ಯಾವ ಊರಿನ ಗುಡಿಗೆ ಹೋದರೂ ಮೊದಲು ನೆಲ ನೋಡುತ್ತೇನೆ, ಆಮೇಲೆ ಗೋಡೆ, ದೇವರು ಕೊನೆಗೆ. ಹೆಂಡತಿಗೆ ಇದೇ ಸಿಟ್ಟು.

ಎರಡು ವರ್ಷದ ಹಿಂದೆ ಮಗ ನಮ್ಮಿಬ್ಬರನ್ನೂ ಬಾಲಿಗೆ ಕರೆದುಕೊಂಡು ಹೋಗಿದ್ದ. ಗಾಡಿ ಓಡಿಸುತ್ತಿದ್ದ ಹುಡುಗ ನಿಮ್ಮದೇನು ಕೆಲಸ ಅಂತ ಕೇಳಿದ. ಕಲ್ಲು ಅಂದೆ. ಅವನು ನಕ್ಕು, ನಾವು ಹೇಳದಿದ್ದರೂ ಬಾತುಬುಲಾನ್ ಅನ್ನುವ ಊರಿಗೆ ಗಾಡಿ ತಿರುಗಿಸಿದ. ರಸ್ತೆಯ ಎರಡೂ ಬದಿ ಕಲ್ಲಿನ ದೇವರು, ರಾಕ್ಷಸರು, ಗಣಪ, ಬುದ್ಧ, ಕಪ್ಪೆ, ಎಲ್ಲಾ ಸಾಲಾಗಿ ನಿಂತಿದ್ದವು, ನಮ್ಮಲ್ಲಿ ಚೌತಿಗೆ ಮೊದಲು ಗಣಪತಿಗಳನ್ನು ನಿಲ್ಲಿಸುತ್ತಾರಲ್ಲ ಹಾಗೆ. ಈ ಕಲ್ಲಿಗೆ ಏನಂತೀರಿ ಅಂದೆ. "ಪರಸ್" ಅಂದ. ನನಗೆ ಪರ್ಸಿ ಅಂತಲೇ ಕೇಳಿಸಿತು, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಹೆಸರು ಹತ್ತಿರ ಬಂದದ್ದು ಸುಮ್ನೆ, ನಮ್ಮ ಪರ್ಸಿ ಬಂದದ್ದು ನೆಲಕ್ಕೆ ಹಾಸುವ ಫರ್ಶ್ ಅನ್ನುವ ಮಾತಿನಿಂದ. ಕಲ್ಲಂತೂ ಪೂರ್ತಿ ಬೇರೆ.

ಪರಸ್ ಅಂದರೆ ಜ್ವಾಲಾಮುಖಿಯ ಬೂದಿ ಕೂತು ಕೂತು ಗಟ್ಟಿಯಾದ ಕಲ್ಲು. ಬೂದು ಬಣ್ಣ, ಮೈಯೆಲ್ಲಾ ಸಣ್ಣ ತೂತು. ನದಿ ಕಣಿವೆಗಳಿಂದ ಇಟ್ಟಿಗೆಯಂತೆ ಕತ್ತರಿಸಿ ತರುತ್ತಾರೆ. ಉಗುರಿನಿಂದ ಗೀರಿದೆ, ಪುಡಿ ಉದುರಿತು! ನಮ್ಮ ಅಂಗಡಿಗೆ ಅಂಥ ಮಾಲು ಬಂದಿದ್ದರೆ ಲಾರಿ ಸಮೇತ ವಾಪಸ್ ಕಳಿಸುತ್ತಿದ್ದೆ.

ಒಂದು ಶೆಡ್‌ನಲ್ಲಿ ಒಬ್ಬ ಮುದುಕ ನೆಲದ ಮೇಲೆ ಕಾಲು ಮಡಚಿ ಕೂತು ಕೆತ್ತುತ್ತಿದ್ದ. ಮುಂದೆ ಎರಡು ಅಡಿ ಅಗಲದ ರಾಕ್ಷಸನ ಮುಖ, ಕಣ್ಣು ಮಾತ್ರ ಮುಗಿದಿತ್ತು. ಕೈಯಲ್ಲಿ ನಮ್ಮ ಬಡಿಗರ ಹತ್ತಿರ ಇರುವಂಥ ಚಪ್ಪಟೆ ಉಳಿ, ಮರದ ಕೊಡತಿ. ಕಲ್ಲಿನ ಕೆಲಸ ಅಂದರೆ ಕಿವಿ ಕಿವುಡಾಗಬೇಕು ಅಲ್ವಾ, ಅಲ್ಲಿ ಮೆಲ್ಲಗೆ ಟಕ್ ಟಕ್ ಅಂತಷ್ಟೇ. ಹಲ್ಲಿನ ಸಾಲಿಗೆ ಬಂದಾಗ ಕೊಡತಿಯನ್ನೂ ಬದಿಗಿಟ್ಟು, ಬರೀ ಅಂಗೈಯಿಂದ ಉಳಿ ತಳ್ಳಿ, ಬಾಯಿಂದ ಊದಿ, ಹೆಬ್ಬೆರಳಿನಿಂದ ಸವರಿ ನೋಡಿದ. ಹಾರಿದ ಪುಡಿ ಅವನ ಹುಬ್ಬಿನ ಮೇಲೆ ಕೂತಿತು. ಒರೆಸಿಕೊಳ್ಳಲಿಲ್ಲ. ನಾನು ಅರ್ಧ ಗಂಟೆ ಅಲ್ಲೇ ನಿಂತೆ, ಹೆಂಡತಿ ಎಳನೀರು ಕುಡಿದು ಬಂದಳು.

ಆ ಮುಖದ ಹೆಸರು ಬೋಮ. ದೇವಸ್ಥಾನದ ದೊಡ್ಡ ಬಾಗಿಲಿನ ಮೇಲೆ ಕಣ್ಣು ಬಿಟ್ಟುಕೊಂಡು, ಬೆರಳು ಅಗಲಿಸಿಕೊಂಡು ಕೂತಿರುತ್ತದೆ, ಕೆಟ್ಟದ್ದು ಒಳಗೆ ಬರಬಾರದು ಅಂತ. ವಿಷ್ಣುವಿಗೂ ಭೂದೇವಿಗೂ ಹುಟ್ಟಿದ ಮಗ ಅನ್ನುತ್ತಾರೆ. ನಮ್ಮ ಭೌಮ, ಅಂದರೆ ನರಕಾಸುರ! ದೀಪಾವಳಿಗೆ ನಾವು ಕೊಂದವನನ್ನು ಅವರು ಬಾಗಿಲಿಗೆ ಕಾವಲು ಕೂರಿಸಿದ್ದಾರೆ. ನಮ್ಮ ಚಾಲುಕ್ಯರ ಗುಡಿಗಳಲ್ಲೂ ಇಂಥದೇ ಕೀರ್ತಿಮುಖ ಇರುತ್ತದೆ. ಗೋಡೆಯ ಕೆಳಮೂಲೆಗೆ ಆನೆಯ ಮುಖ, ಮೇಲಿನ ಮೂಲೆಗೆ ಹಕ್ಕಿಯ ಮುಖ, ನಡುವೆ ಬಳ್ಳಿ. ಬಳ್ಳಿಗಳಿಗೂ ಹೆಸರಿವೆ: ಪತ್ರ ಪುಂಗೆಲ್, ಪತ್ರ ಸಾರಿ, ಚೀನಾದಿಂದ ಬಂದ ಬಳ್ಳಿ ಪತ್ರ ಚೀನಾ, ಡಚ್ಚರದ್ದು ಪತ್ರ ವೆಲಂಡಾ. ಹೊರಗಿನಿಂದ ಬಂದದ್ದಕ್ಕೂ ಹೆಸರು ಇಟ್ಟು ಒಳಗೆ ಸೇರಿಸಿಕೊಂಡಿದ್ದಾರೆ.

ಉತ್ತರ ಬಾಲಿಯ ಕುಬುತಂಬಾಹನ್ ಊರಿನ ಮೆದುವೆ ಕರಂಗ್ ದೇವಸ್ಥಾನದ ಗೋಡೆಯಲ್ಲಿ ಒಬ್ಬ ಸೈಕಲ್ ಹೊಡೆಯುತ್ತಿದ್ದಾನೆ, ಹಿಂದಿನ ಚಕ್ರವೇ ಅರಳಿದ ಕಮಲ! 1904ರಲ್ಲಿ ಬಾಲಿಗೆ ಬಂದು ಸೈಕಲ್ ಮೇಲೆ ಸುತ್ತಿದ ನೀವೆನ್‌ಕಾಂಪ್ ಅನ್ನುವ ಡಚ್ ಕಲಾವಿದ ಇವನೇ ಅನ್ನುತ್ತಾರೆ. 1917ರ ಭೂಕಂಪದಲ್ಲಿ ಅದು ಹಾಳಾಯಿತು, ಮತ್ತೆ ಕೆತ್ತಿದರು, ಕೆತ್ತುವಾಗ ಇನ್ನಷ್ಟು ಹೂವು ಸೇರಿಸಿದರು. ಅದೇ ಕಡೆಯ ಜಗರಾಗ ಊರಿನ ದೇವಸ್ಥಾನದಲ್ಲಿ ಕಾರು ಇದೆ, ಸಮುದ್ರಕ್ಕೆ ಬೀಳುವ ವಿಮಾನವೂ ಇದೆ. ಶಿಲ್ಪಿಯ ಕಣ್ಣಿಗೆ ಕಂಡದ್ದೆಲ್ಲಾ ಕಲ್ಲಿಗೆ ಬರಬಹುದಿತ್ತು.

ಮುದುಕನಿಗೆ ನಾನು ಕೇಳಿದ್ದು ವ್ಯಾಪಾರಿಯ ಪ್ರಶ್ನೆ, ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಹುಡುಗ ಅವರ ಭಾಷೆಯಲ್ಲಿ ಕೇಳಿ ಹೇಳಿದ. ಮಳೆ ಜಾಸ್ತಿ, ಪಾಚಿ ಹಿಡಿಯುತ್ತದೆ, ಮೂಗು ಸವೆಯುತ್ತದೆ, ಆಗ ಮಗನೋ ಮೊಮ್ಮಗನೋ ಮತ್ತೆ ಕೆತ್ತುತ್ತಾನೆ. ಇದನ್ನು ಹೇಳುವಾಗ ಮುದುಕನಿಗೆ ಬೇಜಾರೇ ಇರಲಿಲ್ಲ. ನಾನು ಗಿರಾಕಿಗೆ "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ರಿ" ಅಂತ ಹೇಳಿ ಕಲ್ಲು ಮಾರುವವನು. ಆತ ಮೊಮ್ಮಗನಿಗೆ ಕೆಲಸ ಉಳಿಸುವ ಕಲ್ಲು ಕೆತ್ತುತ್ತಿದ್ದ.

ನನಗೆ ಆಗ ನೆನಪಾದದ್ದು ಬೀಸುವ ಕಲ್ಲು. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ ಕಲ್ಲು ಕುಟ್ಟುವವರು ಉಳಿ ಸುತ್ತಿಗೆ ಹಿಡಿದು ಕೂಗಿಕೊಂಡು ಬರುತ್ತಿದ್ದರು. ಜೋಳ ಬೀಸಿ ಬೀಸಿ ಕಲ್ಲು ನುಣುಪಾಗಿರುತ್ತಿತ್ತು, ಅದನ್ನು ಅಂಗಳದಲ್ಲಿ ಮಗುಚಿ ಹಾಕಿ ಮತ್ತೆ ಒರಟು ಮಾಡಿಕೊಟ್ಟು ಹೋಗುತ್ತಿದ್ದರು. ಕಲ್ಲು ಸವೆಯುತ್ತಿತ್ತು, ಅವರು ಬರುತ್ತಿದ್ದರು. ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಅವರೂ ನಿಂತರು. ಅವರ ಮಕ್ಕಳು ಈಗ ಏನು ಮಾಡುತ್ತಾರೆ ಅಂತ ನಾನಂತೂ ಕೇಳಿಲ್ಲ.

ಬಾಲಿಯಲ್ಲಿ ಎಲ್ಲಾ ಚೆನ್ನಾಗಿದೆ ಅಂತಲ್ಲ. ಬಾತುಬುಲಾನ್‌ನಲ್ಲೇ ಅರ್ಧ ಮಾಲು ಕೆತ್ತಿದ್ದಲ್ಲ, ಕಲ್ಲಿನ ಪುಡಿಗೆ ಸಿಮೆಂಟ್ ಕಲಸಿ ಅಚ್ಚಿಗೆ ಹಾಕಿ ತೆಗೆದದ್ದು. ನಾಲ್ಕು ಬೋಮಗಳ ಮುಖದಲ್ಲಿ ಒಂದೇ ಜಾಗಕ್ಕೆ ಒಂದೇ ಗುಳ್ಳೆ ಇತ್ತು, ಕಲ್ಲಿನವನ ಕಣ್ಣಿಗೆ ಅದು ಗೊತ್ತಾಗುತ್ತದೆ. ಇನ್ನೊಂದು, ಅಗುಂಗ್ ಬೆಟ್ಟದ ಕಡೆಯಿಂದ ಬರುವ ಕಪ್ಪು ಲಾವಾ ಕಲ್ಲಿನ ಹುಚ್ಚು. ಅದು ಗಟ್ಟಿ, ಜಾಸ್ತಿ ಬಾಳುತ್ತದೆ, ಶ್ರೀಮಂತವಾಗಿ ಕಾಣುತ್ತದೆ. ಹಾಗಾಗಿ ಊರಿನವರು ದುಡ್ಡು ಕೂಡಿಸಿ ಹಳೆಯ ಪರಸ್ ಮತ್ತು ಕೆಂಪು ಇಟ್ಟಿಗೆಯ ಗುಡಿ ಕೆಡವಿ ಕಪ್ಪು ಕಲ್ಲಿನದು ಕಟ್ಟುತ್ತಿದ್ದಾರೆ. ಭಕ್ತಿಯಿಂದಲೇ ಮಾಡುತ್ತಾರೆ. ಇದನ್ನು ಕೇಳಿದಾಗ ಹೆಂಡತಿ ನನ್ನ ಮುಖ ನೋಡಿದಳು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವರಲ್ಲಿ ಕಾನೂನೂ ಇದೆ. ಕಟ್ಟಡ ತೆಂಗಿನ ಮರಕ್ಕಿಂತ, ಅಂದರೆ 15 ಮೀಟರ್‌ಗಿಂತ ಎತ್ತರ ಇರಬಾರದು ಅನ್ನುವುದು ಹಳೆಯ ಕಟ್ಟಳೆ. ಕಟ್ಟಡಗಳು ಬಾಲಿಯ ರೀತಿಯಲ್ಲೇ ಇರಬೇಕು ಅಂತ 2005ರಲ್ಲಿ ಪ್ರಾಂತ್ಯದ ಸರ್ಕಾರ ನಿಯಮವನ್ನೂ ಮಾಡಿದೆ. ಇದರಿಂದ ತಮಾಷೆಯೂ ಆಗಿದೆ, ಪೆಟ್ರೋಲ್ ಬಂಕಿಗೂ ದೇವಸ್ಥಾನದ ಹಾಗೆ ಎರಡು ಹೋಳಾದ ಬಾಗಿಲು! ಅದಕ್ಕೆ ಚಂಡಿ ಬೆಂತಾರ್ ಅನ್ನುತ್ತಾರೆ, ಒಂದು ಗೋಪುರವನ್ನು ನಡುವೆ ಸೀಳಿ ಆಚೆ ಈಚೆ ಸರಿಸಿದಂತೆ ಇರುತ್ತದೆ. ನಗು ಬಂತು ನಿಜ, ಆದರೆ ಆ ಬಂಕಿನ ಬಾಗಿಲಿನಲ್ಲೂ ಯಾರೋ ಒಬ್ಬ ಕೆತ್ತುವವನಿಗೆ ಒಂದಷ್ಟು ದಿನ ಕೂಲಿ ಸಿಕ್ಕಿರುತ್ತದೆ.

ಅಳತೆಯ ವಿಷಯ ಹೇಳದೆ ಮುಂದೆ ಹೋಗಲಾರೆ. ಅವರ ಹಳೆಯ ಕಟ್ಟುವ ಶಾಸ್ತ್ರಕ್ಕೆ ಅಸ್ತ ಕೋಸಲ ಕೋಸಲಿ ಅಂತ ಹೆಸರು. ಉಂಡಗಿ ಅನ್ನುವ ಮೇಸ್ತ್ರಿ ಟೇಪು ಹಿಡಿಯುವುದಿಲ್ಲ, ಮನೆಯ ಯಜಮಾನನ ಮೈಯನ್ನೇ ಅಳೆಯುತ್ತಾನೆ. ಅಸ್ತ ಅಂದರೆ ನಮ್ಮ ಮೊಳ, ದೆಪ ಅಂದರೆ ನಮ್ಮ ಮಾರು. ಅಳತೆ ಮುಗಿದ ಮೇಲೆ ಒಂಚೂರು ಜಾಸ್ತಿ ಸೇರಿಸುತ್ತಾರೆ, ಅದಕ್ಕೆ ಉರಿಪ್, ಅಂದರೆ ಜೀವ ಅಂತ ಹೆಸರು. ಸಂತೆಯಲ್ಲಿ ಕಾಯಿಪಲ್ಯ ತೂಗಿದ ಮೇಲೆ ಹಾಕುವ ಕೊಸರು ಇದ್ದ ಹಾಗೆ. ಕೊಸರು ಇಲ್ಲದ ಮನೆಗೆ ಜೀವ ಇಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಶಹಾಬಾದ್ ಕಲ್ಲು ಅಂದರೆ ಏನು? ನೆಲ, ಅಡುಗೆ ಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಬಚ್ಚಲು. ನಾನೂ ಹಾಗೇ ತಿಳಿದಿದ್ದೆ. ಇದು ಪದರ ಪದರ ಏಳುವ ಸುಣ್ಣಕಲ್ಲು, ಇದರಲ್ಲಿ ಕೆತ್ತನೆ ಆಗುವುದಿಲ್ಲ ಅಂತ ಎಷ್ಟೋ ಗಿರಾಕಿಗಳಿಗೆ ನಾನೇ ಹೇಳಿದ್ದೇನೆ. ಬಾಲಿಯಿಂದ ಬಂದ ಮೇಲೆ ಮಗ ಕೇಳಿದ, ಅಪ್ಪಾ, ಸನ್ನತಿ ನೋಡಿದ್ದೀಯಾ ಅಂತ. ಚಿತ್ತಾಪುರ ತಾಲ್ಲೂಕಿನಲ್ಲೇ, ಭೀಮಾ ದಂಡೆಯಲ್ಲೇ ಇದೆ. ಅಲ್ಲಿನ ಚಂದ್ರಲಾಂಬಾ ದೇವಿಯ ದರ್ಶನಕ್ಕೆ ಹತ್ತು ಸಲ ಹೋಗಿದ್ದೆ, ಪಕ್ಕದ ಕನಗನಹಳ್ಳಿಗೆ ಒಂದು ಸಲವೂ ಹೋಗಿರಲಿಲ್ಲ.

ಹೋಗಿ ನೋಡಿದೆ. 1990ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪ. ಚಪ್ಪಡಿ ಚಪ್ಪಡಿಗಳ ಮೇಲೆ ರಾಜರು, ಕುದುರೆ, ಮರ, ಹೆಂಗಸರ ಕಾಲಿನ ಕಡಗ. ಒಂದರ ಮೇಲೆ ರಾಣಿಯ ಜೊತೆ ನಿಂತ ಅಶೋಕ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೋ" ಅಂತ ಹೆಸರು. ಸುಮಾರು ಎರಡು ಸಾವಿರ ವರ್ಷದ ಕೆಲಸ. ಕಲ್ಲು ಯಾವುದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅಂಚು ನೋಡಿದ ಕೂಡಲೇ ಗೊತ್ತಾಯಿತು, ನಮ್ಮದೇ ಸುಣ್ಣಕಲ್ಲು, ನಾನು ಚೌರಸ ಅಡಿ ಲೆಕ್ಕದಲ್ಲಿ ಮಾರುವ ಕಲ್ಲಿನ ಅಣ್ಣತಮ್ಮ. ಪದರದ ಕಲ್ಲು ಅಂತ ಆಗಿನ ಶಿಲ್ಪಿಗಳು ಕೈಬಿಟ್ಟಿರಲಿಲ್ಲ, ಪದರಕ್ಕೆ ತಕ್ಕಂತೆ ತೆಳುವಾಗಿ, ಮೇಲ್ಮೇಲೆ ಕೆತ್ತಿದ್ದರು. ಗಿರಾಕಿಗಳಿಗೆ ನಾನು ಹೇಳಿದ್ದು ಸುಳ್ಳಾಗಿತ್ತು. ಅಲ್ಲೇ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠಕ್ಕೆ ಹಾಕಿದ್ದ ಕಲ್ಲೇ ಅಶೋಕನ ಶಾಸನ ಅಂತ ತಿಳಿದದ್ದು. ಮೂರ್ತಿ ಕೂರಿಸಲು ನಡುವೆ ತೂತು ಹೊಡೆದಿದ್ದರು. ಹಳೆ ಕಲ್ಲು ಎತ್ತಿ ಬೇರೆ ಕೆಲಸಕ್ಕೆ ಹಾಕುವ ಚಾಳಿ ನಮ್ಮದು ಇಂದಿನದಲ್ಲ.

ಬೀದರ್ ಕಡೆಯವರು ಸಿಟ್ಟಾಗಬಾರದು, ಹುಮನಾಬಾದ್ ಹತ್ತಿರದ ಜಲಸಂಗ್ವಿಯ ಗುಡಿ ಗೋಡೆಯಲ್ಲಿ ಒಬ್ಬ ಹುಡುಗಿ ನಿಂತು ಶಾಸನ ಬರೆಯುತ್ತಿದ್ದಾಳೆ, ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳಿ. ಅದನ್ನೂ ನೋಡಿ ಬಂದೆ. ಅದರ ಬಗ್ಗೆ ಬರೆಯಲು ನನಗಿಂತ ತಿಳಿದವರಿದ್ದಾರೆ.

ಹೆಂಡತಿ ನನ್ನ ಮುಖ ನೋಡಿದ ಕಾರಣ ಇದು. ನಮ್ಮೂರಿನ (ಹೆಸರು ಬೇಡ) ಈಶ್ವರ ಗುಡಿಗೆ ಆರು ವರ್ಷದ ಹಿಂದೆ ಜೀರ್ಣೋದ್ಧಾರ ಆಯಿತು. ಹಳೆಯ ಕಪ್ಪು ಕಲ್ಲಿನ ಬಾಗಿಲವಾಡ, ಅದರ ತುಂಬಾ ಬಳ್ಳಿ, ಮೇಲೆ ಗಜಲಕ್ಷ್ಮಿ. ಸಮಿತಿಯವರು ಅದಕ್ಕೆ ಎಣ್ಣೆ ಬಣ್ಣ ಬಳಿಸಿದರು. ಬಳ್ಳಿಗೆ ಹಸಿರು, ಆನೆಗೆ ಬೆಳ್ಳಿ, ಉಳಿದದ್ದಕ್ಕೆ ಕೆಂಪು. ಆನೆಯ ಕಣ್ಣು ಬಣ್ಣದ ಒಳಗೆ ಮುಚ್ಚಿಹೋಯಿತು, ಬಣ್ಣದವನು ಬೇರೆ ಕಡೆ ಹೊಸ ಕಣ್ಣು ಬರೆದ. ನೆಲದ ಹಳೆಯ ಹಾಸುಗಲ್ಲು ಕಿತ್ತು ಗುಡಿ ಹಿಂದೆ ಎಸೆದರು, ಹೊಸ ಕಲ್ಲು ಹಾಸಿದರು, ಊರ ಬಾಗಿಲಿಗೆ ಸಿಮೆಂಟಿನ ಕಮಾನು ಕಟ್ಟಿ ಅಚ್ಚಿನ ಸಿಂಹ ಎರಡು ಕೂರಿಸಿದರು. ಆ ಹೊಸ ಕಲ್ಲು ಕೊಟ್ಟವನು ನಾನೇ. ದೇವರ ಕೆಲಸ ಅಂತ ಲಾಭ ಬಿಟ್ಟು ಕೊಟ್ಟೆ, ದಾನಿಗಳ ಪಟ್ಟಿಯಲ್ಲಿ ಹೆಸರೂ ಇದೆ. ಹಾಗಾಗಿ ಬೇರೆಯವರಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ, ಆದರೂ ಬರೆಯುತ್ತಿದ್ದೇನೆ.

ನಾನು ಕೇಳುವುದು ದೊಡ್ಡದೇನಲ್ಲ. ಕಲಬುರಗಿ ಭಾಗದಲ್ಲಿ ಪ್ರತಿ ವರ್ಷ ಎಷ್ಟೋ ಗುಡಿ, ಮಠಗಳ ಕೆಲಸ ನಡೆಯುತ್ತದೆ, ಸರ್ಕಾರಿ ಕಟ್ಟಡಗಳೂ ಏಳುತ್ತವೆ. ಮೂರ್ತಿ ಬೇಕಾದರೆ ಶಿವಾರಪಟ್ಟಣದಿಂದ, ಇಲ್ಲಾ ಜೈಪುರದಿಂದ ತರಿಸುತ್ತಾರೆ, ತರಿಸಲಿ. ಆದರೆ ಒಂದು ಗೋಡೆ, ಒಂದು ಬಾಗಿಲು, ನಾಲ್ಕು ಚಪ್ಪಡಿಯಾದರೂ ಇಲ್ಲಿನ ಕಲ್ಲಿನಲ್ಲಿ, ಇಲ್ಲೇ ಕೂತು ಕೆತ್ತಿಸಬಹುದಲ್ಲ? ಮೊದಲ ಸಲ ಚೆನ್ನಾಗಿ ಬರಲಿಕ್ಕಿಲ್ಲ. ಸೈಕಲ್ ಕೆತ್ತಿದವನಿಗೆ ಸೈಕಲ್ ಸರಿಯಾಗಿ ಗೊತ್ತಿರಲಿಲ್ಲವೇನೋ, ಚಕ್ರಕ್ಕೆ ಹೂವು ಹಾಕಿದ, ಅದನ್ನೇ ನೋಡಲು ಇವತ್ತು ಜನ ಮೂರು ಗಂಟೆ ಗಾಡಿಯಲ್ಲಿ ಹೋಗುತ್ತಾರೆ. ನಮ್ಮ ಕಲ್ಲಿಗೆ ಟ್ರ್ಯಾಕ್ಟರ್ ಬರಲಿ, ತೊಗರಿ ಗಿಡ ಬರಲಿ, ಕಲ್ಲು ತುಂಬಿದ ಲಾರಿ ಬರಲಿ.

ಸಮಿತಿಯವರ ಜೊತೆ ಮಾತಾಡಿದ್ದೇನೆ. ಬಾಗಿಲವಾಡದ ಬಣ್ಣ ತೆಗೆಸುವ ಖರ್ಚು ನನ್ನದು ಅಂದೆ. ಮರಳು ಚಿಮ್ಮಿಸುವ ಮಷೀನ್ ತರುತ್ತೇವೆ ಅಂದರು, ಬೇಡವೇ ಬೇಡ ಅಂತ ಕೈಮುಗಿದೆ, ಬಣ್ಣದ ಜೊತೆ ಬಳ್ಳಿಯೂ ಹೋಗುತ್ತದೆ. ಪುರಾತತ್ವ ಇಲಾಖೆಯವರನ್ನು ಕೇಳಿಯೇ ಮಾಡೋಣ ಅಂತ ಸದ್ಯಕ್ಕೆ ನಿಲ್ಲಿಸಿದ್ದಾರೆ. ಗುಡಿ ಹಿಂದೆ ಎಸೆದ ಹಾಸುಗಲ್ಲುಗಳಲ್ಲಿ ಎರಡು ಸಿಕ್ಕಿವೆ, ಒಂದರ ಮೇಲೆ ಯಾರೋ ಚೌಕಾಬಾರದ ಮನೆ ಗೀರಿದ್ದಾರೆ.

ನಿಮ್ಮ ಓದುಗರಲ್ಲಿ ಯಾರಿಗಾದರೂ ಶಹಾಬಾದ್ ಕಲ್ಲಿನಲ್ಲಿ ಕೆತ್ತಬಲ್ಲ ಒಬ್ಬ ಶಿಲ್ಪಿ ಗೊತ್ತಿದ್ದರೆ, ಇಲ್ಲಾ ಮನೆಯಲ್ಲಿ ಅಜ್ಜನ ಉಳಿ ಇಟ್ಟುಕೊಂಡು ಕೂತ ಹುಡುಗ ಇದ್ದರೆ, ದಯವಿಟ್ಟು ಪತ್ರಿಕೆಗೆ ಬರೆದು ತಿಳಿಸಿ. ಮೂರು ಇಂಚು ದಪ್ಪದ, ಬಿರುಕಿಲ್ಲದ ಚಪ್ಪಡಿ ಒಂದನ್ನು ಪಾಲಿಶ್ ಮಾಡಿಸದೆ ಅಂಗಡಿಯ ಹಿಂದೆ ನೆರಳಲ್ಲಿ ತೆಗೆದಿಟ್ಟಿದ್ದೇನೆ. ಗಿರಾಕಿಗಳು ಎರಡು ಸಲ ಕೇಳಿದರು, ಮಾರಿಲ್ಲ.

ಇಂತಿ,
ಒಬ್ಬ ಪರ್ಸಿ ವ್ಯಾಪಾರಿ,
ಶಹಾಬಾದ್, ಕಲಬುರಗಿ ಜಿಲ್ಲೆ